ಎರಡು ಸಲ ಆಯ್ತು

ಚಾಮರಾಜಪೇಟೆ
10 ಆಗಸ್ಟ್ 2025, ಭಾನುವಾರ

ಅಮ್ಮಾ,

ನಿನ್ನ ಮಾತಿನಂತೆ ಕಾಗದ ಹಿಡಿದು ಕುಳಿತಿದ್ದೇನೆ. ಚಳ್ಳಕೆರೆಗೆ ಬಸ್ ಹತ್ತುವ ಮೊದಲು ನೀನು ಹೇಳಿದ್ದು ಸರಿ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬಲ್ಲಿಂದ ಮುಂದೆ ಹೋಗುವುದಿಲ್ಲ. ಹೋದರೆ ಜಗಳಕ್ಕೇ ಹೋಗುತ್ತೇವೆ. ಕೈಯಲ್ಲಿ ಬರೆದು ಅಭ್ಯಾಸ ತಪ್ಪಿ ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿವೆ. ಸಬ್ ಪೋಸ್ಟ್‌ಮಾಸ್ಟರ್ ಆದವಳು ಎಂಥೆಂಥ ವಿಳಾಸಗಳನ್ನೋ ಓದುತ್ತೀಯ, ಇದನ್ನೂ ಓದಿಕೋ.

ಕೆಲಸಕ್ಕೆ ಸೇರಿ ತಿಂಗಳಾಗುತ್ತ ಬಂತು. ಸೋಮವಾರದಿಂದ ಗುರುವಾರದವರೆಗೆ ಮಲ್ಲೇಶ್ವರದ ಆಫೀಸು, ಶುಕ್ರವಾರ ಮತ್ತು ಶನಿವಾರ ಶೇಷಾದ್ರಿಪುರಂನ ಕಾಲೇಜು. ಫೀಸು ಕಂಪನಿಯದು. ಮೂರು ವರ್ಷ ಮುಗಿಯುವ ಹೊತ್ತಿಗೆ ಬಿಸಿಎ ಪದವಿಯೂ ಕೈಗೆ ಬರುತ್ತದೆ, ಕೆಲಸ ಮಾಡಿದ ಅನುಭವವೂ ಇರುತ್ತದೆ. ನಮ್ಮನ್ನು ಅಪ್ರೆಂಟಿಸ್ ಎನ್ನುತ್ತಾರೆ. ಮಾರ್ಚ್‌ನಲ್ಲಿ ಮೊದಲ ವರ್ಷದ ಪರಾಮರ್ಶೆ ಇದೆ. ಅದರಲ್ಲಿ ಸರಿ ಕಾಣದವರನ್ನು ಮುಂದುವರಿಸುವುದಿಲ್ಲ. ಕೆಲಸ ಹೋದರೆ ಕಾಲೇಜಿನ ಸೀಟೂ ಹೋಗುತ್ತದೆ, ಎರಡನ್ನೂ ಒಂದೇ ದಾರಕ್ಕೆ ಕಟ್ಟಿದ್ದಾರೆ.

ನಮ್ಮದು ತಂತ್ರಜ್ಞಾನದ ಸಲಹೆ ಕೊಡುವ ಕಂಪನಿ. ಬೇರೆ ಬೇರೆ ವ್ಯಾಪಾರದವರು ಬಂದು, ನಮ್ಮ ಕೆಲಸವನ್ನು ಕಂಪ್ಯೂಟರಿಗೆ ಹೇಗೆ ತರುವುದು ಎಂದು ಕೇಳುತ್ತಾರೆ. ಇವರು ಅಲ್ಲಿಗೆ ಹೋಗಿ, ನೋಡಿ, ಕೇಳಿ, ಹೀಗೆ ಮಾಡಿ ಎಂದು ಹೇಳುತ್ತಾರೆ, ಮಾಡಿಯೂ ಕೊಡುತ್ತಾರೆ. ಅಪ್ಪನಿಗೆ ಇದನ್ನೇ ವಿವರಿಸಿದೆ. ‘ಸಲಹೆ ಕೊಡೋದಕ್ಕೆ ಸಂಬಳನಾ? ನನ್ ಬಸ್ಸಲ್ಲಿ ಸ್ಟಾಪಿಗೊಬ್ರು ಹತ್ಕೊಂಡು ಪುಕ್ಕಟೆ ಕೊಡ್ತಾರೆ ಕಣೆ’ ಎಂದರು. ಡ್ಯೂಟಿ ಮುಗಿದ ಮೇಲೂ ಅವರ ಕಂಡಕ್ಟರ್ ಧ್ವನಿ ಇಳಿಯುವುದಿಲ್ಲ, ಎದುರುಮನೆಯವರೂ ನಕ್ಕರು.

ಎಂಜಿನಿಯರಿಂಗ್ ಸೀಟು ಬಿಟ್ಟು ಬಂದವಳು ಎಂದು ಗೊತ್ತಾದರೆ ಆಫೀಸಿನಲ್ಲಿ ಕೆಲವರು ನನ್ನನ್ನು ಒಂದು ಥರ ನೋಡುತ್ತಾರೆ. ಮನೇಲಿ ಒಪ್ಪಿದ್ರಾ ಎಂದು ಕೇಳುತ್ತಾರೆ. ನಮ್ಮಮ್ಮ ಒಪ್ಪಿದ್ದಾರೆ, ಒಂದು ವರ್ಷ ಮಾಡು, ಹಿಡಿಸದಿದ್ದರೆ ಇನ್ನೊಮ್ಮೆ ಸಿಇಟಿ ಬರಿ ಎಂದಿದ್ದಾರೆ ಎನ್ನುತ್ತೇನೆ. ಜೂನ್‌ನಲ್ಲಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಅಷ್ಟು ಹೊತ್ತು ವಾದಿಸಿದ್ದಕ್ಕೆ ಕೊನೆಗೆ ನೀನು ‘ಆಯ್ತು ಕಣೆ, ಆಯ್ತು’ ಎಂದೆಯಲ್ಲ, ಅದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ನಿನಗೆ ಹೇಳಿಯೇ ಇಲ್ಲ.

ಉತ್ತರ ಬರಿ.

ನಿನ್ನ,
ಲಾಸ್ಯಾ


ಚಳ್ಳಕೆರೆ
22 ಆಗಸ್ಟ್ 2025

ಲಾಸ್ಯಾ,

ಕಾಗದ ತಲುಪಿತು. ಟಪಾಲು ಚೀಲ ಬಿಚ್ಚಿದಾಗ ಮೇಲೆಯೇ ಇತ್ತು. ಪಿನ್ ಕೋಡ್ ಸರಿಯಾಗಿ ಬರೆದಿದ್ದೀಯ. ಅಕ್ಷರ ಪರವಾಗಿಲ್ಲ.

ನಾನು ಹಿಡಿದಿರುವ ಮನೆ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿದೆ. ಒಗೆದು ಹಾಕಿದ ಸೀರೆಗೂ ಕಡಲೆಕಾಯಿ ಎಣ್ಣೆಯ ವಾಸನೆ ಹತ್ತುತ್ತದೆ. ನೀರು ದಿನ ಬಿಟ್ಟು ದಿನ ಬರುತ್ತದೆ. ಆಫೀಸಿನಲ್ಲಿ ಎಲ್ಲರೂ ಒಳ್ಳೆಯವರು. ಪೋಸ್ಟ್‌ಮನ್ ರಾಮಾಂಜಿನಪ್ಪ ಮೊದಲ ದಿನವೇ ‘ಮೇಡಂ, ಬೆಂಗಳೂರು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?’ ಎಂದು ಕೇಳಿದ. ಬಡ್ತಿ ಕೊಟ್ಟರು, ಬಂದೆ ಎಂದೆ. ‘ಹಂಗಾರೆ ಅದು ಬಡ್ತಿ ಅಲ್ಲ ಬಿಡ್ರಿ’ ಎಂದ.

ನಿನ್ನ ಕಾಗದದಲ್ಲಿ ಆಫೀಸಿನ ವಿಷಯ ಪುಟ ತುಂಬ ಇದೆ. ಕಾಲೇಜಿನದು ಒಂದೇ ಸಾಲು. ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೀಯ? ಕ್ಲಾಸು ಬಿಟ್ಟ ಮೇಲೆ ಹುಡುಗಿಯರು ಏನು ಮಾಡುತ್ತೀರಿ? ನಾಟಕ, ಹಾಡು, ಆಟ ಎಂದು ಏನಾದರೂ ಇದೆಯೇ, ಇಲ್ಲ ಪಾಠ ಮುಗಿದ ಕೂಡಲೇ ಚೀಲ ಹೆಗಲಿಗೆ ಹಾಕಿಕೊಂಡು ಓಡಿಬರುತ್ತೀಯಾ? ಇವನ್ನು ಬರಿ.

ಮುಂದಿನ ವರ್ಷದ ಸಿಇಟಿಗೆ ಅರ್ಜಿ ಕರೆದಾಗ ತಿಳಿಸುತ್ತೇನೆ. ಗೊತ್ತಿರಲಿ ಎಂದು ಬರೆದೆ, ಅಷ್ಟೇ.

ನಿಮ್ಮಪ್ಪ ಬಿ.ಪಿ. ಮಾತ್ರೆ ನುಂಗಿದರೋ ಇಲ್ಲವೋ ದಿನವೂ ನೋಡು. ನುಂಗಿದೆ ಎಂದು ಬಾಯಲ್ಲಿ ಹೇಳಿದರೆ ನಂಬಬೇಡ.

ಅಮ್ಮ


ಚಾಮರಾಜಪೇಟೆ
26 ಅಕ್ಟೋಬರ್ 2025, ಭಾನುವಾರ

ಅಮ್ಮಾ,

ದೀಪಾವಳಿಗೆ ನೀನು ಬಂದೆ, ಇದ್ದೆ, ಹೋದೆ. ಇದ್ದಷ್ಟು ದಿನವೂ ಇಬ್ಬರೂ ಹಬ್ಬದ ಕೆಲಸ ಮಾಡಿದೆವು, ಮಾತಾಡಲಿಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹೊರಡುವಾಗ ಕಿಟಕಿಯಿಂದ ನನ್ನ ಮುಖ ನೋಡಿ ಏನೋ ಶುರು ಮಾಡಿದೆ. ಆಮೇಲೆ ಅಪ್ಪನ ಕಡೆ ತಿರುಗಿ ‘ಗ್ಯಾಸ್ ಬುಕ್ ಮಾಡಿದ್ರಾ?’ ಎಂದೆ. ಶುರು ಮಾಡಿದ್ದು ಗ್ಯಾಸಿನ ವಿಷಯ ಆಗಿರಲಿಲ್ಲ ಎಂದು ನನಗೆ ಗೊತ್ತು.

ಕಾಲೇಜಿನ ವಿಷಯ ನೀನು ಕೇಳಿದ್ದೆ. ನನ್ನ ಪಕ್ಕ ಆರಾಧನಾ ಎಂಬ ಹುಡುಗಿ ಕೂರುತ್ತಾಳೆ, ಬಸವನಗುಡಿಯವಳು. ಅವಳೂ ನನ್ನ ಹಾಗೆ ಇನ್ನೊಂದು ಕಂಪನಿಯಲ್ಲಿ ಅಪ್ರೆಂಟಿಸ್. ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ಇಬ್ಬರಿಗೂ ವಾರದ ದಣಿವೆಲ್ಲ ಬಂದಿರುತ್ತದೆ. ಒಬ್ಬಳು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡಿದರೆ ಇನ್ನೊಬ್ಬಳು ಬರೆದುಕೊಳ್ಳುತ್ತಾಳೆ. ಮುಂದಿನ ಪೀರಿಯಡ್‌ನಲ್ಲಿ ಸರದಿ ಬದಲು.

ಈಗ ನನ್ನನ್ನು ನಿಜವಾದ ಕೆಲಸಕ್ಕೆ ಹಾಕಿದ್ದಾರೆ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುವ ಹಳೆಯ ಕಂಪನಿಯೊಂದು ನಮ್ಮ ಗ್ರಾಹಕರು. ಅಂಗಡಿಗಳು ಗಾಂಧಿ ಬಜಾರ್, ಮಲ್ಲೇಶ್ವರ ಎಂದು ಹಲವು ಕಡೆ ಇವೆ. ಹುರಿದು ಬೀಸುವುದು ಮಾತ್ರ ಒಂದೇ ಕಡೆ, ಅಕ್ಕಿಪೇಟೆಯಲ್ಲಿ. ಬೆಳಿಗ್ಗೆ ಒಂದೊಂದು ಅಂಗಡಿಯವರೂ ಫೋನ್ ಮಾಡಿ ಇವತ್ತು ಇಷ್ಟಿಷ್ಟು ಬೇಕು ಎನ್ನುತ್ತಾರೆ. ಹುರಿಯುವ ಕೋಣೆಯ ಉಸ್ತುವಾರಿ ಆಂಡಾಳಮ್ಮ ಎಂಬವರದು. ಅವರು ಕೇಳಿಸಿಕೊಂಡು ಅದರಂತೆ ಹೆಂಗಸರಿಂದ ಹುರಿಸುತ್ತಾರೆ. ಮಾಲೀಕರಾದ ವೇಣುಗೋಪಾಲ್ ಅವರಿಗೆ ಈ ಫೋನಿನ ವ್ಯವಹಾರ ನಿಲ್ಲಬೇಕು. ಅಂಗಡಿಯಲ್ಲಿ ಮಾರಿದ್ದನ್ನು ನೋಡಿ ಕಂಪ್ಯೂಟರೇ ಮರುದಿನದ ಲೆಕ್ಕ ಹಾಕಿ, ಆಂಡಾಳಮ್ಮನ ಮುಂದಿರುವ ಟ್ಯಾಬ್‌ಗೆ ಕಳಿಸಬೇಕು.

ನಮ್ಮ ತಂಡದ ಮುಖ್ಯಸ್ಥರು ಆತ್ರೇಯ ಸರ್. ಕೆಲಸಗಾರರನ್ನೆಲ್ಲ ಮಾತಾಡಿಸಿ ಬರಲು ನನ್ನನ್ನು ಕಳಿಸಿದರು. ‘ಏನಂದ್ರು ಅಂತ ಬರ್ಕೊ, ಕೊನೇಲಿ ಒಪ್ಪಿಗೆ ಹೌದಾ ಇಲ್ವಾ ಗುರುತು ಹಾಕು. ಮಧ್ಯದ್ದು ಬರೀಬೇಡ. ಮಧ್ಯದ್ದರಿಂದ ಸಾಫ್ಟ್‌ವೇರ್ ಮಾಡಕ್ಕಾಗಲ್ಲ’ ಎಂದರು. 

ಆಂಡಾಳಮ್ಮನ ಹತ್ತಿರ ಹೋದಾಗ ದೊಡ್ಡ ಬಾಣಲೆಯಲ್ಲಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ನಾನು ವಿಷಯ ಹೇಳಿದೆ.

‘ಘಾಟು ಹೊಡೆಯತ್ತೆ, ಹಿಂದೆ ನಿಂತ್ಕೊ’ ಎಂದರು.

ಹಿಂದೆ ನಿಂತು ಇನ್ನೊಮ್ಮೆ ಹೇಳಿದೆ. ಫೋನ್ ಇರಲ್ಲ, ಟ್ಯಾಬ್‌ನಲ್ಲಿ ಬರುತ್ತೆ, ಅದನ್ನ ನೋಡ್ಕೊಂಡು ಹುರಿಸಬೇಕು.

‘ಯಾರ ಮಗಳಮ್ಮ ನೀನು? ಏಯ್, ಕೈಯಾಡ್ಸೇ, ಸೀದು ಹೋಗತ್ತೆ!’ ಎರಡನೆಯದು ನನಗೆ ಹೇಳಿದ್ದಲ್ಲ.

ಮೂರನೆಯ ಸಲ ನಿಧಾನವಾಗಿ ಬಿಡಿಸಿ ಹೇಳಿದೆ. ‘ನಿಮ್ಮ ಒಪ್ಪಿಗೆ ಇದೆಯಾ ಅಮ್ಮ?’

‘ಆಯ್ತಮ್ಮ, ಆಯ್ತು’ ಎಂದರು.

ಹೌದು ಎಂಬುದಕ್ಕೆ ಗುರುತು ಹಾಕಿದೆ. ಎಲ್ಲರಿಗಿಂತ ಹಳಬರನ್ನೇ ಒಪ್ಪಿಸಿ ಬಂದೆಯಲ್ಲ ಎಂದು ಆತ್ರೇಯ ಸರ್ ಎಲ್ಲರೆದುರು ಹೊಗಳಿದರು. ಅವತ್ತು ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದವರೆಗೆ ನಾನು ನಡೆಯಲಿಲ್ಲ, ತೇಲಿಕೊಂಡು ಹೋದೆ.

ನಿನ್ನ,
ಲಾಸ್ಯಾ


ಚಳ್ಳಕೆರೆ
10 ನವೆಂಬರ್ 2025

ಲಾಸ್ಯಾ,

ಕ್ಲಾಸಿನಲ್ಲಿ ನಿದ್ದೆಯ ಸಂಗತಿಯನ್ನು ತಮಾಷೆಗೆ ಬರೆದಿದ್ದೀಯ. ನನಗೆ ತಮಾಷೆ ಎನಿಸಲಿಲ್ಲ.

ಹೊಗಳಿದರು ಎಂದು ಓದಿದೆ. ಒಳ್ಳೆಯದು.

ಇಲ್ಲಿ ಮೊನ್ನೆ ಒಂದು ನಡೆಯಿತು. ಪಿಂಚಣಿ ಕೊಡುವ ದಿನ, ಕೌಂಟರಿನ ಮುಂದೆ ಸಾಲು ಬಾಗಿಲು ದಾಟಿತ್ತು. ಒಬ್ಬ ವಯಸ್ಸಾದವರು ಪಕ್ಕದಿಂದ ಬಗ್ಗಿ, ಮಗನಿಂದ ಪಾರ್ಸೆಲ್ ಬರಬೇಕು, ಇವತ್ತು ಬರುತ್ತಾ ಎಂದು ಕೇಳಿದರು. ಹೂಂ ಎಂದೆನಂತೆ. ಎಂದದ್ದು ನನಗೆ ನೆನಪೇ ಇಲ್ಲ. ಬಾಗಿಲು ಹಾಕುವ ಹೊತ್ತಿಗೆ ನೋಡಿದರೆ ಜಗಲಿಯ ಮೇಲೆ ಕುಳಿತೇ ಇದ್ದರು. ‘ನೀವು ಹೂಂ ಅಂದ್ರಲ್ಲವ್ವ’ ಎಂದರು. ಸಾಲು ಮುಂದೆ ಹೋಗಲಿ ಎಂದು ಹೂಂ ಎಂದಿರಬೇಕು. ಅವರಿಗೆ ಅದು ಇಲಾಖೆಯ ಮಾತಾಗಿತ್ತು.

ಯಾಕೆ ಬರೆದೆನೋ. ಇಲ್ಲಿ ಬೇರೆ ಸುದ್ದಿ ಇಲ್ಲ.

ಚಳಿ ಶುರುವಾಗಿದೆ. ಬೆಳಿಗ್ಗೆ ಹೊರಡುವಾಗ ಸ್ವೆಟರ್ ಹಾಕಿಕೋ.

ಅಮ್ಮ


ಚಾಮರಾಜಪೇಟೆ
8 ಫೆಬ್ರವರಿ 2026, ಭಾನುವಾರ

ಅಮ್ಮಾ,

ಇಷ್ಟು ದಿನ ನಾನು ಬರೆಯಲಿಲ್ಲ. ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಚೆನ್ನಾಗಿ ನಡೆಯುತ್ತಿದೆ ಎಂದು ನಿನಗೆ ಬರೆಯಲು ಕುಳಿತಾಗಲೆಲ್ಲ ಏನೋ ಹಿಂಜರಿಕೆಯಾಗಿ ಎದ್ದುಬಿಡುತ್ತಿದ್ದೆ. ಈಗ ಕೆಟ್ಟಿದೆ, ಬರೆಯುತ್ತಿದ್ದೇನೆ.

ಕಳೆದ ಸೋಮವಾರ ಪುಡಿ ಕಂಪನಿಯಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ಭಾನುವಾರವೇ ಅಂಗಡಿಗಳಿಗೆಲ್ಲ ಇನ್ನು ಫೋನ್ ಮಾಡಬೇಡಿ ಎಂದು ಹೇಳಿಯಾಗಿತ್ತು. ಬೆಳಿಗ್ಗೆ ಗಾಂಧಿ ಬಜಾರಿನ ಅಂಗಡಿಗೆ ಪುಡಿ ಬರಲಿಲ್ಲ. ಮಲ್ಲೇಶ್ವರದ ಅಂಗಡಿಗೂ ಬರಲಿಲ್ಲ. ಯಾವ ಅಂಗಡಿಗೂ ಬರಲಿಲ್ಲ. ನಾವು ಅಕ್ಕಿಪೇಟೆಗೆ ಓಡಿದೆವು. ಹುರಿಯುವ ಕೋಣೆಯಲ್ಲಿ ಹೆಂಗಸರು ಸುಮ್ಮನೆ ಕುಳಿತು ಕಡಲೆಪುರಿ ತಿನ್ನುತ್ತಿದ್ದರು. ಟ್ಯಾಬು ಪೆಟ್ಟಿಗೆಯ ಸಮೇತ ದೇವರ ಪಟದ ಕೆಳಗಿತ್ತು. ಅರಿಶಿನ ಕುಂಕುಮ ಹಚ್ಚಿದ್ದರು. ಮೇಲೆ ಒಂದು ಸೇವಂತಿಗೆ ಹೂವೂ ಇತ್ತು.

‘ಆಂಡಾಳಮ್ಮ, ಯಾಕಮ್ಮ ಹುರಿಸ್ಲಿಲ್ಲ?’ ಎಂದೆ.

‘ಯಾರೂ ಫೋನ್ ಮಾಡ್ಲಿಲ್ಲ. ಕೇಳದೇ ಇದ್ದಿದ್ದನ್ನ ಯಾಕೆ ಹುರೀಲಿ?’

‘ಇನ್ಮೇಲೆ ಟ್ಯಾಬಲ್ಲಿ ಬರುತ್ತೆ ಅಂತ ಹೇಳಿದ್ನಲ್ಲ. ನೀವು ಒಪ್ಕೊಂಡ್ರಿ.’

‘ನಾನ್ಯಾವಾಗ ಒಪ್ಕೊಂಡೆ?’

‘ಆಯ್ತಮ್ಮ, ಆಯ್ತು ಅಂದ್ರಲ್ಲ.’

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ‘ಒಲೆ ಮೇಲೆ ಮೆಣಸಿನಕಾಯಿ ಇತ್ತು. ನೀನು ಬಿಟ್ಟು ಹೋಗ್ತಾನೇ ಇರ್ಲಿಲ್ಲ. ಇನ್ನೇನನ್ಲಿ?’ ಎಂದರು. ಹಿಂದಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ವೇಣುಗೋಪಾಲ್ ಅವರು ನಗಲಿಲ್ಲ. ‘ಒಪ್ಪಿದೀನಿ ಅಂತ ಹೇಳಿ ಕೆಲಸ ಮಾಡದೇ ಇರೋರು ನನಗೆ ಬೇಡ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಏನಾಯಿತೆಂದು ಬರೆದು ಕೊಡಿ, ಆಮೇಲೆ ತೀರ್ಮಾನ ಮಾಡುತ್ತೇನೆ ಎಂದಿದ್ದಾರೆ. ಈ ಗುರುವಾರ ವರದಿ ಕೊಡಬೇಕು.

ಆತ್ರೇಯ ಸರ್ ನನ್ನನ್ನು ಸಮಾಧಾನ ಮಾಡಿದರು. ‘ಗಾಬರಿ ಆಗ್ಬೇಡ. ನೀನು ಕ್ಲೀನಾಗಿ ಬರೆದಿದೀಯ. ಒಪ್ಪಿಗೆ ಹೌದು, ದಿನಾಂಕ ಇದೆ, ಹೆಸರಿದೆ. ಪ್ರಾಬ್ಲಂ ಅವರ ಕಡೇದು, ನಮ್ದಲ್ಲ. ಹಾಗೇ ಹಾಕೋಣ’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನ್ನನ್ನು ಉಳಿಸಲು ಹೇಳಿದರು. ಮುಂದಿನ ತಿಂಗಳು ನನ್ನ ಪರಾಮರ್ಶೆ ಮಾಡುವವರೂ ಅವರೇ.

ನಾನು ಬರೆದದ್ದು ತಪ್ಪು ಎಂದರೆ ಪರಾಮರ್ಶೆಯಲ್ಲಿ ಉಳಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಸರಿ ಎಂದರೆ ಆಂಡಾಳಮ್ಮ ಹೋಗುತ್ತಾರೆ. ಗುರುವಾರದ ಒಳಗೆ ನಿನ್ನ ಉತ್ತರ ಬರಲಾರದು. ಅದು ಗೊತ್ತಿದ್ದೇ ಕಾಗದ ಬರೆಯುತ್ತಿದ್ದೇನೆ, ಫೋನ್ ಮಾಡಲಿಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ.

ಕೇಳಬೇಕಾದದ್ದು ಬೇರೆ ಇದೆ. ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಅವರು ತಲೆ ಚಚ್ಚಿಕೊಂಡರು. ‘ಒಂದ್ಸಲ ಆಯ್ತು ಅಂದ್ರೆ ಒಪ್ಕೊಂಡ್ರು ಅಂತ. ಎರಡ್ಸಲ ಅಂದ್ರೆ ಬಾಯ್ಮುಚ್ಕೊಂಡ್ ಹೋಗು ಅಂತ. ಚಿಲ್ಲರೆ ಕೇಳೋರಿಗೆ ದಿನಾ ನಾನು ಅದನ್ನೇ ಹೇಳೋದು. ನಿಂಗೆ ಕನ್ನಡ ಬರಲ್ವಾ?’ ಎಂದರು. ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆಮೇಲೆ ನನ್ನ ನಗು ನಿಂತುಹೋಯಿತು.

ಜೂನ್‌ನಲ್ಲಿ ನೀನು ಎರಡು ಸಲ ಅಂದೆ, ಅಮ್ಮಾ.

ನೀನು ಒಪ್ಪಿದ್ದೆಯಾ?

ಲಾಸ್ಯಾ


ಚಳ್ಳಕೆರೆ
14 ಫೆಬ್ರವರಿ 2026

ಲಾಸ್ಯಾ,

ಕೇಳಿದ್ದಕ್ಕೆ ಮೊದಲು ಉತ್ತರ. ಇಲ್ಲ, ನಾನು ಒಪ್ಪಿರಲಿಲ್ಲ.

ಅವತ್ತು ನನಗೆ ಸಾಕಾಗಿತ್ತು. ವರ್ಗಾವಣೆಯ ಆದೇಶ ಕೈಗೆ ಬಂದಿತ್ತು, ನಿಮ್ಮಿಬ್ಬರನ್ನೂ ಬಿಟ್ಟು ಹೋಗಬೇಕಿತ್ತು. ನೀನು ಬಾಗಿಲಲ್ಲಿ ನಿಂತು ದಾರಿ ಬಿಡುತ್ತಿರಲಿಲ್ಲ. ಮಾತು ನಿಲ್ಲಲಿ ಎಂದು ಅಂದೆ. ನೀನು ಓಡಿಬಂದು ತಬ್ಬಿಕೊಂಡೆ. ನನ್ನ ಕೈಯೆಲ್ಲ ಹಿಟ್ಟಾಗಿತ್ತು, ನಿನ್ನ ಬೆನ್ನು ಮುಟ್ಟಲೂ ಆಗಲಿಲ್ಲ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಶುರು ಮಾಡಿದ್ದೂ ಅದೇ.

ಇನ್ನೊಂದು ಬರೆಯದಿದ್ದರೆ ಈ ಉತ್ತರ ಅರ್ಧವಾಗುತ್ತದೆ. ನಿನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಸಾಲು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಮುಖದಲ್ಲೂ ಕಂಡಿರಬೇಕು. ರಾಮಾಂಜಿನಪ್ಪ ‘ಏನ್ ಮೇಡಂ, ಮನೆ ಕಡೆಯಿಂದ ಒಳ್ಳೇ ಸುದ್ದಿ ಬಂದೈತೇನು?’ ಎಂದ. ಒಳಗೆ ಹೋಗಿ ನೀರು ಕುಡಿದೆ. ಮಗಳು ಅಳುವ ಸ್ಥಿತಿಯಲ್ಲಿ ಬರೆದ ಕಾಗದ ಓದಿ ತಾಯಿಗೆ ಹೀಗಾಗಬಾರದು. ಆಯಿತು.

ಕಾರಣ ನಿನಗೆ ಪೂರ್ತಿ ಗೊತ್ತಿಲ್ಲ. ನಾನು ಪಿಯುಸಿ ಮುಗಿಸಿದ ವರ್ಷವೇ ಇಲಾಖೆಗೆ ಸೇರಿದೆ. ನಿಮ್ಮ ತಾತ ದಾಸಪ್ಪನವರ ನಿವೃತ್ತಿ ಹತ್ತಿರ ಬಂದಿತ್ತು, ನನಗೆ ಕೆಲಸ ಸಿಕ್ಕಿದ್ದು ಮನೆಗೆ ಹಬ್ಬವಾಯಿತು. ಬಿ.ಎ.ಯನ್ನು ಮೈಸೂರಿನಿಂದ ಅಂಚೆ ಮೂಲಕ ಓದಿದೆ. ಪಾಠದ ಪುಸ್ತಕಗಳ ಕಟ್ಟು ನಾನು ಕೂರುತ್ತಿದ್ದ ಆಫೀಸಿಗೇ ಬರುತ್ತಿತ್ತು. ನಾನೇ ಮುದ್ರೆ ಒತ್ತಿ, ನಾನೇ ಸಹಿ ಹಾಕಿ, ನಾನೇ ತೆಗೆದುಕೊಳ್ಳುತ್ತಿದ್ದೆ. ನಮ್ಮ ಪೋಸ್ಟ್‌ಮಾಸ್ಟರ್ ‘ಹಂಸಾಗೆ ಕಾಲೇಜು ಬಂತು ನೋಡ್ರಪ್ಪ’ ಎಂದು ನಗಿಸುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ವರ್ಷಕ್ಕೊಮ್ಮೆ ಮೈಸೂರಿನಲ್ಲಿ ಸಂಪರ್ಕ ತರಗತಿ ಇರುತ್ತಿತ್ತು. ನನಗೆ ರಜೆ ಸಿಕ್ಕಿದ್ದು ಒಂದೇ ವರ್ಷ. ಬೆಂಚಿನ ಮೇಲೆ ಕುಳಿತು ಪಾಠ ಕೇಳಿದೆ. ಮಧ್ಯಾಹ್ನ ಊರೂರಿನಿಂದ ಬಂದ ಹೆಂಗಸರೆಲ್ಲ ಮರದ ಕೆಳಗೆ ಬುತ್ತಿ ಬಿಚ್ಚಿ, ಬೇಡದ ವಿಷಯವೆಲ್ಲ ಮಾತಾಡಿ ನಕ್ಕೆವು. ಸಂಜೆಯವರೆಗೂ ಯಾರಿಗೂ ಯಾವ ಕೆಲಸವೂ ಇರಲಿಲ್ಲ. ನನ್ನ ಮಗಳಿಗೆ ಇದು ನಾಲ್ಕು ವರ್ಷ ಸಿಗಬೇಕು ಎಂದು, ನೀನು ಹುಟ್ಟುವುದಕ್ಕೂ ಮೊದಲೇ ಅಂದುಕೊಂಡಿದ್ದೆ. ನೀನು ಸೀಟು ಕೈಯಲ್ಲಿಟ್ಟುಕೊಂಡು, ಕೆಲಸ ಮಾಡುತ್ತಾ ಓದುತ್ತೇನೆ ಎಂದೆ. ನಾನು ಬೇರೆ ದಾರಿಯಿಲ್ಲದೆ ಮಾಡಿದ್ದನ್ನು ನೀನು ಆರಿಸಿಕೊಂಡು ಮಾಡುತ್ತಿದ್ದೀಯ. ಅದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸಿಇಟಿಗೆ ಅರ್ಜಿ ಕರೆದಿದ್ದಾರೆ. ನಿನ್ನ ಹೆಸರಿನಲ್ಲಿ ನಾನೇ ತುಂಬಲು ಕುಳಿತೆ. ಹೆಸರು, ಹುಟ್ಟಿದ ದಿನ ಹಾಕಿ, ಮುಂದೆ ಹೋಗದೆ ಮುಚ್ಚಿದೆ. ನಿನ್ನನ್ನು ಕೇಳದೆ ನಿನ್ನ ಒಪ್ಪಿಗೆ ನಾನು ಬರೆದಂತಾಗುತ್ತಿತ್ತು. ಇನ್ನೂ ಸಮಯವಿದೆ. ತುಂಬುವುದಾದರೆ ನೀನೇ ತುಂಬು.

ಇದನ್ನು ಬರೆಯುವಾಗಲೇ ಗುರುವಾರ ಕಳೆದಿದೆ. ನೀನು ಏನು ಮಾಡಿರುತ್ತೀಯ ಎಂದು ಊಹಿಸಬಲ್ಲೆ, ಆದರೆ ಬರೆಯುವುದಿಲ್ಲ. ಊಹೆ ತಪ್ಪಾದರೆ ಇಬ್ಬರಿಗೂ ಕಷ್ಟ.

ಅಮ್ಮ


ಚಾಮರಾಜಪೇಟೆ
15 ಮಾರ್ಚ್ 2026, ಭಾನುವಾರ

ಅಮ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಸಂತೋಷವಾಯಿತು ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನನಗೆ ಕೆಟ್ಟ ಸಿಟ್ಟು ಬಂತು. ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿದೆ. ಅಪ್ಪ ಅದನ್ನು ಕಂಡು, ಓದದೆ, ತಂದು ನನ್ನ ಮೇಜಿನ ಮೇಲಿಟ್ಟರು. ‘ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಪ್ಪ, ಆದ್ರೆ ಹುಳ ಹಿಡಿಯೋ ಜಾಗದಲ್ಲಿ ಇಡ್ಬೇಡ’ ಎಂದರು. ಆಮೇಲೆ ಇನ್ನೊಮ್ಮೆ ಓದಿದೆ. ಮೈಸೂರಿನ ಭಾಗವನ್ನು ಎಷ್ಟೋ ಸಲ ಓದಿದೆ.

ಮೊದಲು ಗುರುವಾರದ ವಿಷಯ. ವರದಿ ಓದುವ ಮೊದಲೇ ವೇಣುಗೋಪಾಲ್ ಅವರಿಗೆ ಹೇಳಿಬಿಟ್ಟೆ. ‘ಸರ್, ಆಂಡಾಳಮ್ಮ ಒಪ್ಪಿರ್ಲಿಲ್ಲ. ಸುಮ್ನೆ ಹೋಗು ಅಂದಿದ್ದನ್ನ ನಾನು ಒಪ್ಪಿಗೆ ಅಂತ ಬರ್ಕೊಂಡೆ.’ ಅವರು ಆತ್ರೇಯ ಸರ್ ಕಡೆ ತಿರುಗಿ, ‘ಹಂಗಾದ್ರೆ ಇಷ್ಟು ತಿಂಗಳು ನಾನು ದುಡ್ಡು ಕೊಟ್ಟಿದ್ದು ಈ ಹುಡುಗಿಗೆ ಕನ್ನಡ ಕಲಿಸೋದಕ್ಕಾ?’ ಎಂದರು.

ಹೊರಗೆ ಬಂದ ಮೇಲೆ ಆತ್ರೇಯ ಸರ್, ‘ಹೇಳಿದ್ದು ತಪ್ಪು ಅಂತಿಲ್ಲ. ನನಗೆ ಮೊದಲೇ ಹೇಳ್ಬೇಕಿತ್ತು. ಅಲ್ಲಿ ನನ್ನ ಮುಖ ಹೆಂಗಾಯ್ತು ನೋಡಿದ್ಯಾ?’ ಎಂದರು. ನೋಡಿದ್ದೆ. ಮೊದಲೇ ಹೇಳಿದರೆ ನನ್ನ ಮನಸ್ಸು ಬದಲಾಯಿಸುತ್ತಾರೆ ಎಂದು ಹೆದರಿ ಹೇಳಿರಲಿಲ್ಲ. ಅದನ್ನೂ ಅವರಿಗೆ ಹೇಳಿದೆ. ‘ಬದಲಾಯಿಸ್ತಿದ್ದೆ’ ಎಂದರು.

ಆಂಡಾಳಮ್ಮ ಉಳಿದರು. ನನಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಮತ್ತೆ ಕೇಳಿ ಬರಲು ಹೋದಾಗ ಒಲೆ ಆರಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಫೋನ್ ನಿಂತರೆ ಏನು ತೊಂದರೆ ಎಂದೆ. ‘ಬೆಳಗಾದ್ರೆ ಅಷ್ಟು ಅಂಗಡಿಯೋರು ಹೇಗಿದ್ದೀರಿ ಆಂಡಾಳಮ್ಮ ಅಂತ ಕೇಳ್ತಾರೆ. ನಿನ್ನ ಹಲಗೆ ಕೇಳುತ್ತಾ?’ ಎಂದರು. ಕಾರಣ ಅಷ್ಟೇ. ಲೆಕ್ಕದ ತೊಂದರೆ ಏನೂ ಇಲ್ಲ. ಒಪ್ಪಿಗೆ ಇಲ್ಲ ಎಂದು ಗುರುತು ಹಾಕಿ, ಅವರ ಮಾತನ್ನೇ ಕನ್ನಡದಲ್ಲಿ ಬರೆದೆ. ಈಗ ಬೆಳಿಗ್ಗೆಯ ಫೋನು ಹಾಗೆಯೇ ಇದೆ. ಅವರು ಹೇಳಿದ್ದನ್ನು ಪಕ್ಕದಲ್ಲಿ ಕುಳಿತ ಹುಡುಗಿಯೊಬ್ಬಳು ಟ್ಯಾಬ್‌ಗೆ ಹಾಕುತ್ತಾಳೆ. ವೇಣುಗೋಪಾಲ್ ಅವರಿಗೆ ಇದು ಇಷ್ಟವಿಲ್ಲ, ನಡೆಯುತ್ತಿದೆ.

ಮೊನ್ನೆ ಮಂಗಳವಾರ ನನ್ನ ಪರಾಮರ್ಶೆ ಮುಗಿಯಿತು. ಸುಧಾರಣೆ ಬೇಕು ಎಂದು ಬರೆದಿದ್ದಾರೆ. ತೆಗೆದುಹಾಕಿಲ್ಲ. ಸೆಪ್ಟೆಂಬರ್‌ವರೆಗೆ ಅವಧಿ ಕೊಟ್ಟಿದ್ದಾರೆ, ಆಗ ಇನ್ನೊಮ್ಮೆ ನೋಡುತ್ತಾರೆ. ಅಲ್ಲಿಯವರೆಗೆ ಗ್ರಾಹಕರ ಹತ್ತಿರ ಕಳಿಸುವುದಿಲ್ಲ. ಬೇರೆಯವರು ಮಾಡಿದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸ ಕೊಟ್ಟಿದ್ದಾರೆ. ಸೆಪ್ಟೆಂಬರ್‌ನಲ್ಲಿ ಬೇಡ ಎಂದರೆ ನನ್ನ ಕೈಯಲ್ಲಿ ಕೆಲಸವೂ ಇರುವುದಿಲ್ಲ, ಸೀಟೂ ಇರುವುದಿಲ್ಲ. ಇದೆಲ್ಲ ಗೊತ್ತಿದ್ದೂ ಸಿಇಟಿ ಅರ್ಜಿ ತುಂಬಲಿಲ್ಲ. ಕೊನೆಯ ದಿನ ಮುಗಿಯಿತು.

ನೀನು ಹೆದರಿದ್ದು ಬಹುಪಾಲು ನಿಜ. ಕಾಲೇಜಿನಲ್ಲಿ ನಾಟಕದ ತಂಡ ಇದೆ, ಸೇರಿಲ್ಲ. ಮೆಟ್ರೋದಲ್ಲಿ ನಿದ್ದೆ ಹತ್ತಿ ಮಾರ್ಕೆಟ್ ನಿಲ್ದಾಣ ದಾಟಿ ಎಲ್ಲೆಲ್ಲೋ ಹೋಗಿ ಎದ್ದಿದ್ದೇನೆ. ಆರಾಧನಾ ಬಿಟ್ಟರೆ ಸ್ನೇಹಿತರು ಎನ್ನುವಂಥವರಿಲ್ಲ. ಮರದ ಕೆಳಗೆ ಕೂರುವ ಮಧ್ಯಾಹ್ನ ಒಂದೂ ಸಿಕ್ಕಿಲ್ಲ. ಅದು ಬೇಡವೆಂದಲ್ಲ, ನಿನ್ನ ಕಾಗದ ಓದಿದ ಮೇಲೆ ನನಗೂ ಬೇಕು ಅನಿಸಿತು.

ಆದರೆ ಶನಿವಾರದ ಪಾಠದಲ್ಲಿ, ಸಾಫ್ಟ್‌ವೇರ್ ಬಳಸುವವರ ಅಗತ್ಯವನ್ನು ತಿಳಿಯುವುದು ಹೇಗೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ ಉಳಿದವರು ಅದನ್ನು ಬರೆದುಕೊಂಡರು. ನನಗೆ ಕಣ್ಣು ಉರಿಯಿತು, ಮೆಣಸಿನಕಾಯಿಯ ಘಾಟು ಬಂದ ಹಾಗೆ. ಜನರ ಹತ್ತಿರ ಹೋಗಿ ನಿಮ್ಮ ಕೆಲಸ ಹೇಗೆ ಎಂದು ಕೇಳುವುದು ನನಗೆ ಬಹಳ ಇಷ್ಟ. ಕೆಟ್ಟದಾಗಿ ಕೇಳಿದೆ. ಚೆನ್ನಾಗಿ ಕೇಳುವುದನ್ನು ಕಲಿಯಬೇಕು ಎಂಬ ಆಸೆ ಅದಾದ ಮೇಲೆ ಇನ್ನೂ ಜಾಸ್ತಿಯಾಗಿದೆ. ನೀನು ದಾರಿಯಿಲ್ಲದೆ ಮಾಡಿದೆ, ನಿಜ. ನಾನು ಇದನ್ನು ಬೇಕೆಂದೇ ಮಾಡುತ್ತಿದ್ದೇನೆ.

ಆದ್ದರಿಂದ ಮುಂದುವರಿಯುತ್ತಿದ್ದೇನೆ. ಮನೇಲಿ ಒಪ್ಪಿದ್ರಾ ಎಂದು ಇನ್ನು ಯಾರಾದರೂ ಕೇಳಿದರೆ, ನಮ್ಮಮ್ಮ ಒಪ್ಪಿಲ್ಲ ಎಂದೇ ಹೇಳುತ್ತೇನೆ. ಯುಗಾದಿಗೆ ಬರುತ್ತೀಯಾ? ಬಂದರೆ ಬೈಯಿ.

ನಿನ್ನ,
ಲಾಸ್ಯಾ


ಚಳ್ಳಕೆರೆ
21 ಮಾರ್ಚ್ 2026

ಲಾಸ್ಯಾ,

ಯುಗಾದಿಗೆ ರಜೆ ಇತ್ತು. ಬೇಕೆಂದೇ ಬರಲಿಲ್ಲ. ಬಂದಿದ್ದರೆ ಮತ್ತೆ ಹೋಳಿಗೆ ತಟ್ಟುತ್ತಾ ಕೂರುತ್ತಿದ್ದೆವು, ಗ್ಯಾಸಿನ ವಿಷಯ ಮಾತಾಡಿ ವಾಪಸ್ ಬರುತ್ತಿದ್ದೆ.

ನಿನ್ನ ಕಾಗದ ನಿನ್ನೆ ಸಿಕ್ಕಿತು. ಆಂಡಾಳಮ್ಮನ ವಿಷಯದಲ್ಲಿ ನನ್ನ ಊಹೆ ಸರಿಯಾಗಿತ್ತು. ಸೆಪ್ಟೆಂಬರ್ ವಿಷಯದಲ್ಲಿ ನನಗೆ ಹೆದರಿಕೆ ಇದೆ. ಅರ್ಜಿ ತುಂಬದೇ ಬಿಟ್ಟದ್ದು ಮೊಂಡುತನ. ಒಂದು ಕಡೆ ತುಂಬಿ ಇಟ್ಟಿದ್ದರೆ ಏನು ಹೋಗುತ್ತಿತ್ತು? ಬೇಕೆಂದೇ ಮಾಡುತ್ತೇನೆ ಎನ್ನುವವಳು ಅಷ್ಟು ಯೋಚಿಸಬೇಡವೇ? ಇದರ ಬಗ್ಗೆ ಹೇಳುವುದು ಬಹಳವಿದೆ, ಕಾಗದದಲ್ಲಿ ಹಿಡಿಸುವುದಿಲ್ಲ. ಬರೆದು ಬರೆದು ನಾನೂ ತೀರ ಮರ್ಯಾದಸ್ಥಳಾಗಿಬಿಟ್ಟಿದ್ದೇನೆ.

ಮುಂದಿನ ಶನಿವಾರ ರಜೆ ಹಾಕಿದ್ದೇನೆ. ನಿಮ್ಮಪ್ಪನಿಗೆ ಹೇಳಬೇಡ, ಹೇಳಿದರೆ ನಮ್ಮನ್ನು ಸಮಾಧಾನ ಮಾಡಲು ಡ್ಯೂಟಿ ಬಿಟ್ಟು ಬರುತ್ತಾರೆ. ಬೆಳಗಿನ ಬಸ್ಸಿಗೆ ಹೊರಟು ಮೆಜೆಸ್ಟಿಕ್‌ನಲ್ಲಿ ಇಳಿದು ನೇರ ಶೇಷಾದ್ರಿಪುರಕ್ಕೆ ಬರುತ್ತೇನೆ. ಮನೆಗೆ ಆಮೇಲೆ ಹೋಗೋಣ. ಇಬ್ಬರಿಗೂ ಚಿತ್ರಾನ್ನ ತರುತ್ತೇನೆ, ನೀನು ಏನೂ ಕಟ್ಟಿಕೊಂಡು ಬರಬೇಡ. ಅವತ್ತು ಮಧ್ಯಾಹ್ನ ಬೇರೆ ಕೆಲಸ ಇಟ್ಟುಕೊಳ್ಳಬೇಡ, ಆಫೀಸಿನದು ಏನಿದ್ದರೂ ಸೋಮವಾರಕ್ಕೆ ಹಾಕು.

ವಿದ್ಯಾರ್ಥಿಗಳ ಮನೆಯವರನ್ನು ಕಾಲೇಜಿನ ಒಳಗೆ ಬಿಡುತ್ತಾರೆಯೇ ಎಂದು ವಾಚ್‌ಮನ್‌ನನ್ನು ಕೇಳಿಡು. ಬಿಡದಿದ್ದರೆ ಗೇಟಿನ ಹೊರಗೇ ಜಗಳ ಮಾಡೋಣ.

ಅಮ್ಮ